ಆಕಾಶದ ಒಳದಾರಿ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಜಯನಗರಗಳ ಎಷ್ಟೋ ಮನೆಗಳ ನಡುಮನೆಯಲ್ಲಿ ಈಗ ಎರಡು ಗಡಿಯಾರಗಳು ನಡೆಯುತ್ತಿರುತ್ತವೆ. ಒಂದು ಮನೆಯವರ ಊಟ, ನಿದ್ರೆ, ಪೂಜೆಗಳಿಗೆ. ಇನ್ನೊಂದು ಕಡಲಾಚೆಗಿರುವ ಮಗನೋ ಮಗಳೋ ಎದ್ದರೇ, ಮಲಗಿದರೇ ಎಂದು ತಿಳಿಯುವುದಕ್ಕೆ. ಆ ಎರಡನೆಯ ಗಡಿಯಾರ ತೋರಿಸುವುದು ಅನೇಕ ಮನೆಗಳಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಹೊತ್ತು. ಅಂಥ ಮನೆಯ ಹಿರಿಯರನ್ನು ಯಾರಾದರೂ ‘ಅಲ್ಲಿಗೆ ಎಷ್ಟು ದೂರ?’ ಎಂದು ಕೇಳಿದರೆ, ‘ಒಂದು ಹಗಲು, ಒಂದು ರಾತ್ರಿಯ ದಾರಿ’ ಎಂದು ಉತ್ತರ ಬರುತ್ತದೆಯೇ ಹೊರತು ಕಿಲೋಮೀಟರಿನ ಲೆಕ್ಕ ಬರುವುದಿಲ್ಲ. ಹಿಂದಿನವರು ದೂರವನ್ನು ಹರಿದಾರಿಯಲ್ಲಿ ಹೇಳುತ್ತಿದ್ದಾಗಲೂ ಅವರ ಮನಸ್ಸಿನಲ್ಲಿದ್ದದ್ದು ಕಾಲಿನ ದಣಿವೇ. ದೂರ ಎಂಬುದು ಒಂದೇ ಅಂಕಿಯಲ್ಲಿ ಮುಗಿಯುವ ಸಂಗತಿಯಲ್ಲ.

ಆದರೂ ಅಂಕಿ ಬೇಕಷ್ಟೆ. ಬೆಂಗಳೂರಿನ ವಿಮಾನನಿಲ್ದಾಣದಿಂದ ಸ್ಯಾನ್‌ಫ್ರಾನ್ಸಿಸ್ಕೋದ ವಿಮಾನನಿಲ್ದಾಣಕ್ಕೆ ಸುಮಾರು 14,000 ಕಿ.ಮೀ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಆದುದರಿಂದ ಯಾವ ಎರಡು ಊರುಗಳ ನಡುವೆಯೂ 20,000 ಕಿ.ಮೀ.ಗಿಂತ ಹೆಚ್ಚು ದೂರ ಇರುವುದು ಸಾಧ್ಯವಿಲ್ಲ. ಅದಕ್ಕಿಂತ ದೂರ ಹೋದವನು ಮತ್ತೆ ಹತ್ತಿರ ಬರುತ್ತಿರುತ್ತಾನೆ. ಆ ಮೇರೆಯ ಹತ್ತರಲ್ಲಿ ಏಳು ಪಾಲು ಈ ಎರಡು ಊರುಗಳ ನಡುವೆ ಇದೆ. ರೈಲಿನ ದೂರವನ್ನು ಹಳಿಯ ಉದ್ದಕ್ಕೂ ಅಳೆಯಬಹುದು, ರಸ್ತೆಯ ದೂರವನ್ನು ಮೈಲಿಗಲ್ಲು ಹೇಳುತ್ತದೆ. ಆಕಾಶದಲ್ಲಿ ಹಳಿಯೂ ಇಲ್ಲ, ಕಲ್ಲೂ ಇಲ್ಲ. ಅಲ್ಲಿ ದೂರವನ್ನು ಗಣಿತದಿಂದ ಪಡೆಯಬೇಕು.

ಗಣಿತದ ಗೊಡವೆ ಬೇಡವೆನ್ನುವವರಿಗೆ ಸುಲಭವಾದ ಒಂದು ಉಪಾಯವುಂಟು. ಮಕ್ಕಳು ಓದುವ ಮೇಜಿನ ಮೇಲಿರುವ ಭೂಗೋಳವನ್ನು ತೆಗೆದುಕೊಂಡು, ಒಂದು ನೂಲಿನ ತುದಿಯನ್ನು ಬೆಂಗಳೂರಿನ ಮೇಲೂ ಇನ್ನೊಂದು ತುದಿಯನ್ನು ಸ್ಯಾನ್‌ಫ್ರಾನ್ಸಿಸ್ಕೋದ ಮೇಲೂ ಒತ್ತಿ ಹಿಡಿದು, ನೂಲು ಸಡಿಲವಿಲ್ಲದಂತೆ ಎಳೆಯಬೇಕು. ನೂಲು ತಾನಾಗಿಯೇ ಅತ್ಯಂತ ಹತ್ತಿರದ ದಾರಿಗೆ ಜಾರಿ ನಿಲ್ಲುತ್ತದೆ. ಅದು ನಿಂತ ಜಾಗವನ್ನು ಕಂಡವರು ಮೂಗಿನ ಮೇಲೆ ಬೆರಳಿಡುತ್ತಾರೆ. ಗೋಡೆಯ ಭೂಪಟವನ್ನು ನೋಡಿ ಬೆಳೆದವರ ಕಲ್ಪನೆಯಲ್ಲಿ ಈ ದಾರಿ ಬಂಗಾಳ ಕೊಲ್ಲಿಯನ್ನು ದಾಟಿ, ಬರ್ಮಾ ವಿಯೆಟ್ನಾಮುಗಳ ಮೇಲೆ ಹಾದು, ಶಾಂತಸಾಗರದ ನಡುಮಧ್ಯದಲ್ಲಿ ಪೂರ್ವಕ್ಕೆ ಸಾಗುತ್ತದೆ. ನೂಲು ಹೇಳುವುದು ಬೇರೆ. ಅದು ಬೆಂಗಳೂರಿನಿಂದ ಬಹುಮಟ್ಟಿಗೆ ಉತ್ತರಕ್ಕೇ ಮುಖ ಮಾಡಿ ಹೊರಟು ನೇಪಾಳ, ಟಿಬೆಟ್ಟು, ಮಂಗೋಲಿಯಗಳನ್ನು ದಾಟಿ, ಸೈಬೀರಿಯದ ಈಶಾನ್ಯ ಮೂಲೆಯಲ್ಲಿ ಉತ್ತರ ಅಕ್ಷಾಂಶ 71 ಡಿಗ್ರಿಯ ಹತ್ತಿರದವರೆಗೂ ಏರಿ, ಹಿಮಸಾಗರದ ಅಂಚನ್ನು ಮುಟ್ಟಿ, ಅಲಾಸ್ಕದ ಮೇಲೆ ಕೆಳಗಿಳಿದು ಸ್ಯಾನ್‌ಫ್ರಾನ್ಸಿಸ್ಕೋ ಸೇರುತ್ತದೆ. ಪೂರ್ವಪಶ್ಚಿಮವೆಂದು ತಿಳಿದ ಪ್ರಯಾಣ ನಿಜವಾಗಿ ಉತ್ತರಕ್ಕೆ ಹತ್ತಿ ದಕ್ಷಿಣಕ್ಕೆ ಇಳಿಯುವ ಪ್ರಯಾಣ. ಶಾಲೆಯ ಭೂಪಟದಲ್ಲಿ ಅಡಿಕೋಲಿಟ್ಟು ಎಳೆದ ನೇರ ಗೆರೆಯಂತೆ ಹಾರಿದರೆ ದೂರ ಸುಮಾರು 16,000 ಕಿ.ಮೀ.ಗೆ ಬೆಳೆಯುತ್ತದೆ. ಕಾಗದದ ಮೇಲೆ ಸೊಟ್ಟಗೆ ಕಾಣುವ ದಾರಿ 2,000 ಕಿ.ಮೀ. ಉಳಿಸುತ್ತದೆ. ಇದು ಆಕಾಶದ ಒಳದಾರಿ. ಗಣಿತಜ್ಞರು ಇದನ್ನು ಮಹಾವೃತ್ತದ ಮಾರ್ಗವೆನ್ನುತ್ತಾರೆ.

ಒಳದಾರಿ ಸಿಕ್ಕಿತೆಂದ ಮಾತ್ರಕ್ಕೆ ವಿಮಾನ ಅದರಲ್ಲಿಯೇ ಹೋಗುತ್ತದೆಯೆಂದು ತಿಳಿಯಬಾರದು. ಮೊದಲ ಅಡ್ಡಿ ಟಿಬೆಟ್ಟಿನದು. ವಿಮಾನ ಹಾರುವ ಎತ್ತರಕ್ಕೆ ಹಿಮಾಲಯದ ಶಿಖರಗಳು ತಗಲುವುದಿಲ್ಲ ನಿಜ. ಆದರೆ ವಿಮಾನದೊಳಗಿನ ಗಾಳಿಯ ಒತ್ತಡ ಹಠಾತ್ತನೆ ಕೆಟ್ಟಿತೆನ್ನಿ. ಆಗ ಪ್ರಯಾಣಿಕರ ತಲೆಯ ಮೇಲಿನಿಂದ ಇಳಿಯುವ ಮುಖವಾಡಗಳಲ್ಲಿ ಪ್ರಾಣವಾಯು ಇರುವುದು ಸಾಮಾನ್ಯವಾಗಿ ಕಾಲು ಗಂಟೆಯ ಸುಮಾರಿಗೆ ಮಾತ್ರ. ಅಷ್ಟರಲ್ಲಿ ಚಾಲಕರು ವಿಮಾನವನ್ನು 10,000 ಅಡಿಯ ಹತ್ತಿರಕ್ಕೆ, ಮನುಷ್ಯರು ಸಹಜವಾಗಿ ಉಸಿರಾಡಬಹುದಾದ ಗಾಳಿಗೆ ಇಳಿಸಬೇಕು. ಟಿಬೆಟ್ಟಿನಲ್ಲಿ ನೆಲವೇ ಸರಾಸರಿ 14,000 ಅಡಿಗೂ ಮೇಲಿದೆ. ಇಳಿಯುವುದೆಲ್ಲಿಗೆ? ಅದಕ್ಕಾಗಿಯೇ ಹೆಚ್ಚಿನ ವಿಮಾನಗಳು ಆ ಪ್ರಸ್ಥಭೂಮಿಯನ್ನು ಬಳಸಿಕೊಂಡು ಹೋಗುತ್ತವೆ. ಸಾವಿರಾರು ಬಾರಿಯಲ್ಲಿ ಒಮ್ಮೆ ಆಗಬಹುದಾದ ಅಪಾಯಕ್ಕಾಗಿ ಪ್ರತಿ ಬಾರಿಯೂ ನೂರಾರು ಕಿ.ಮೀ. ಸುತ್ತುವುದು ವ್ಯರ್ಥವೆಂದು ಕುಳಿತವರಿಗೆ ಅನ್ನಿಸಬಹುದು. ಅನ್ನಿಸಲಿ, ವಿಮಾನಯಾನ ಇಷ್ಟು ನಿರಪಾಯವಾಗಿರುವುದು ಇಂಥ ‘ವ್ಯರ್ಥ’ಗಳಿಂದಲೇ.

ಎರಡನೆಯ ಲೆಕ್ಕ ಗಾಳಿಯದು. ಇದು ಬಲು ಸ್ವಾರಸ್ಯವಾದದ್ದು. ನೆಲದಿಂದ 9ರಿಂದ 12 ಕಿ.ಮೀ. ಎತ್ತರದಲ್ಲಿ, ವಿಮಾನಗಳು ಹಾರುವ ಮಟ್ಟದಲ್ಲಿಯೇ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆಗಳಿವೆ. ಇವುಗಳಿಗೆ ಜೆಟ್ ಪ್ರವಾಹಗಳೆಂದು ಹೆಸರು. ಚಳಿಗಾಲದಲ್ಲಿ ಜಪಾನಿನ ಸುತ್ತಮುತ್ತ ಇವುಗಳ ವೇಗ ಗಂಟೆಗೆ 300 ಕಿ.ಮೀ. ಮೀರುವುದುಂಟು. ಇವನ್ನು ಮೊದಲು ಅಳೆದು ತೋರಿಸಿದವರಲ್ಲಿ ಜಪಾನಿನ ಹವಾಶಾಸ್ತ್ರಜ್ಞ ವಾಸಬುರೋ ಓಯಿಶಿ ಪ್ರಮುಖರು. ಅವರು ಬೆಲೂನುಗಳನ್ನು ಹಾರಿಸಿ, ದೂರದರ್ಶಕದಿಂದ ಅವುಗಳ ಜಾಡು ಹಿಡಿದು ಪಡೆದ ಫಲಿತಾಂಶಗಳನ್ನು 1926ರಲ್ಲಿ ಪ್ರಕಟಿಸಿದರು. ಲೋಕಕ್ಕೆಲ್ಲ ತಿಳಿಯಲೆಂದು ಎಸ್ಪೆರಾಂಟೋ ಎಂಬ ಕೃತಕ ಭಾಷೆಯಲ್ಲಿ ಬರೆದರು. ಲೋಕಕ್ಕೆಲ್ಲ ಸೇರಿದ ಭಾಷೆ ಲೋಕದಲ್ಲಿ ಯಾರಿಗೂ ಬಾರದಿದ್ದುದರಿಂದ ಆ ಸಂಶೋಧನೆ ಬಹುಕಾಲ ಹಾಗೆಯೇ ಬಿದ್ದಿತ್ತು. 1944ರಲ್ಲಿ ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಯುದ್ಧವಿಮಾನಗಳು ಈ ಗಾಳಿಗೆ ಸಿಕ್ಕಿ ತತ್ತರಿಸಿದಾಗಲೇ ಅದರ ಮಹತ್ವ ಅನೇಕರಿಗೆ ತಿಳಿದದ್ದು.

ಹೊಳೆಯಲ್ಲಿ ದೋಣಿ ನಡೆಸಿದವರಿಗೆ ಮಿಕ್ಕದ್ದನ್ನು ಹೇಳಬೇಕಾಗಿಲ್ಲ. ಪ್ರವಾಹದ ಜೊತೆಗೆ ಹೋದವನು ಬೇಗ ಸೇರುತ್ತಾನೆ, ಎದುರಿಗೆ ಹೋದವನು ತಡವಾಗಿ. ದೆಹಲಿಯಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಏರ್ ಇಂಡಿಯದ ನೇರ ವಿಮಾನ 2015ರ ಡಿಸೆಂಬರಿನಲ್ಲಿ ಆರಂಭವಾದಾಗ ಅದು ಯೂರೋಪು, ಅಟ್ಲಾಂಟಿಕ್ ಸಾಗರಗಳ ಮೇಲೆ ಪಶ್ಚಿಮಾಭಿಮುಖವಾಗಿ ಹಾರುತ್ತಿತ್ತು; ದೂರ ಸುಮಾರು 13,900 ಕಿ.ಮೀ. 2016ರ ಅಕ್ಟೋಬರಿನಲ್ಲಿ ಅದೇ ವಿಮಾನವನ್ನು ಪೂರ್ವಕ್ಕೆ, ಶಾಂತಸಾಗರದ ಮೇಲೆ ಹಾರಿಸಲಾಯಿತು. ದೂರ 15,300 ಕಿ.ಮೀ.ಗೆ ಏರಿತು, ಆದರೆ ಹಿಡಿದ ಕಾಲ ಹದಿನಾಲ್ಕೂವರೆ ಗಂಟೆ, ಹಿಂದಿನದಕ್ಕಿಂತ ಕಡಿಮೆ! ಸಾವಿರಕ್ಕೂ ಹೆಚ್ಚು ಕಿ.ಮೀ. ಸುತ್ತಿದ್ದರಿಂದಲೇ ಬೇಗ ತಲುಪಿದಂತಾಯಿತು. ದೂರಕ್ಕೂ ಕಾಲಕ್ಕೂ ನಂಟಿದೆಯೆಂದು ಗಣಿತದ ಮೇಷ್ಟರು ಕಲಿಸಿದ್ದು ಸುಳ್ಳಲ್ಲ. ನಡುವೆ ಗಾಳಿಯೂ ಒಬ್ಬ ಪಾಲುದಾರನೆಂಬುದನ್ನು ಅವರು ಹೇಳಿರಲಿಲ್ಲ, ಅಷ್ಟೆ.

ಇಲ್ಲಿ ಬುದ್ಧಿವಂತ ಹುಡುಗರು ಕೇಳುವ ಪ್ರಶ್ನೆಯೊಂದುಂಟು. ಭೂಮಿ ತಿರುಗುತ್ತಲೇ ಇರುವಾಗ ವಿಮಾನ ಮೇಲೇರಿ ಸುಮ್ಮನೆ ನಿಂತರೆ ಅಮೆರಿಕವೇ ಕೆಳಗೆ ಬಂದು ನಿಲ್ಲಬಾರದೇಕೆ? ಪ್ರಶ್ನೆ ತಮಾಷೆಯದಾದರೂ ಉತ್ತರ ತಿಳಿದಿರುವುದು ಒಳ್ಳೆಯದು. ಭೂಮಿಯೊಡನೆ ಅದರ ಗಾಳಿಯ ಹೊದಿಕೆಯೂ ತಿರುಗುತ್ತದೆ. ನೆಲದಿಂದ ಎದ್ದ ವಿಮಾನವೂ ಅದೇ ವೇಗವನ್ನು ಹೊತ್ತುಕೊಂಡೇ ಏಳುತ್ತದೆ. ಓಡುವ ರೈಲಿನ ಡಬ್ಬಿಯೊಳಗೆ ಹಾರಿದ ನೊಣವನ್ನು ರೈಲು ಬಿಟ್ಟುಹೋಗುವುದಿಲ್ಲವಲ್ಲ, ಹಾಗೆ.

ಬೆಂಗಳೂರು–ಸ್ಯಾನ್‌ಫ್ರಾನ್ಸಿಸ್ಕೋ ನೇರ ವಿಮಾನದ ಮೊದಲ ಹಾರಾಟಕ್ಕೆ ಈ ಎಲ್ಲ ಲೆಕ್ಕಗಳೂ ಕೂಡಿಬಂದವು. 2021ರ ಜನವರಿ 9, ಶನಿವಾರ ರಾತ್ರಿ ಎಂಟೂವರೆಯ ಸುಮಾರಿಗೆ ಏರ್ ಇಂಡಿಯದ ಬೋಯಿಂಗ್ 777 ವಿಮಾನ ಸ್ಯಾನ್‌ಫ್ರಾನ್ಸಿಸ್ಕೋದಿಂದ ಮೇಲೆದ್ದಿತು. ಚಾಲಕರ ಕೋಣೆಯಲ್ಲಿದ್ದವರೆಲ್ಲರೂ ಸ್ತ್ರೀಯರು: ಮುಖ್ಯ ಚಾಲಕಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್, ಅವರೊಡನೆ ಕ್ಯಾಪ್ಟನ್ ತನ್ಮಯಿ ಪಾಪಗರಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್. ಬೆಂಗಳೂರಿಗೆ ಬರುವ ದಿಕ್ಕಿನಲ್ಲಿ ಜೆಟ್ ಪ್ರವಾಹ ಎದುರುಗಾಳಿ. ಅದನ್ನು ತಪ್ಪಿಸಿಕೊಳ್ಳಲು ಉತ್ತರಕ್ಕೆ ಇನ್ನೂ ಮೇಲಕ್ಕೆ, ಉತ್ತರಧ್ರುವದ ಮೇಲೆಯೇ ಹಾಯ್ದು ಬರುವ ದಾರಿಯನ್ನು ಆರಿಸಲಾಗಿತ್ತು. ಹಾರಿದ ದೂರ ಸುಮಾರು 16,000 ಕಿ.ಮೀ. ಎಂದು ಆಗ ಪತ್ರಿಕೆಗಳು ಬರೆದವು. ಸುಮಾರು 17 ಗಂಟೆಗಳ ಬಳಿಕ, ಸೋಮವಾರ ಬೆಳಗಿನ ಜಾವ, ವಿಮಾನ ದೇವನಹಳ್ಳಿಯ ನೆಲ ಮುಟ್ಟಿತು.

ಧ್ರುವದ ಮೇಲೆ ಹಾರುವುದು ಹೊಸದೇನಲ್ಲ. 1954ರಲ್ಲಿಯೇ ಸ್ಕ್ಯಾಂಡಿನೇವಿಯದ ವಿಮಾನಗಳು ಕೋಪನ್‌ಹೇಗನ್ನಿನಿಂದ ಲಾಸ್ ಏಂಜಲಿಸ್‌ಗೆ ಆರ್ಕ್ಟಿಕ್ ಪ್ರದೇಶದ ಮೇಲೆ ಹಾರತೊಡಗಿದ್ದವು. ಆದರೂ ಅದು ಸಾಮಾನ್ಯವಾದ ದಾರಿಯಲ್ಲ. ಅಲ್ಲಿ ಆಯಸ್ಕಾಂತದ ದಿಕ್ಸೂಚಿಯನ್ನು ನಂಬುವಂತಿಲ್ಲ. ಕಾಂತಧ್ರುವ ಹತ್ತಿರವಾದಂತೆ ಮುಳ್ಳು ದಿಕ್ಕುಗೆಡುತ್ತದೆ. ಉತ್ತರಧ್ರುವದ ಮೇಲೆ ನಿಂತವನಿಗೆ ಎತ್ತ ತಿರುಗಿದರೂ ದಕ್ಷಿಣವೇ. ಇಂಧನ ಹೆಪ್ಪುಗಟ್ಟುವ ಭಯ ಬೇರೆ. ಅಮೆರಿಕದಲ್ಲಿ ತುಂಬಿಸುವ ವಿಮಾನ ಇಂಧನ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಗಟ್ಟಿಯಾಗತೊಡಗುತ್ತದೆ. ಹೊರಗಿನ ಗಾಳಿ ಅದಕ್ಕಿಂತಲೂ ತಣ್ಣಗಿರಬಹುದು. ಚಾಲಕರು ರೆಕ್ಕೆಯೊಳಗಿನ ಇಂಧನದ ಉಷ್ಣತೆಯನ್ನು, ಜ್ವರದ ಮಗುವಿನ ಮೈ ಮುಟ್ಟಿ ನೋಡುವ ತಾಯಿಯ ಹಾಗೆ, ಮತ್ತೆ ಮತ್ತೆ ನೋಡುತ್ತಿರಬೇಕು. ಅದು ತೀರ ಇಳಿದರೆ ವಿಮಾನವನ್ನು ಕೊಂಚ ಬೆಚ್ಚಗಿನ ಮಟ್ಟಕ್ಕೆ ತರುವುದೋ ವೇಗ ಹೆಚ್ಚಿಸುವುದೋ ಅವರಿಗಿರುವ ಉಪಾಯ.

ಇಂಧನದ ಪ್ರಮಾಣವೂ ಗಮನಾರ್ಹ. ಈ ಬಗೆಯ ವಿಮಾನದ ತೊಟ್ಟಿಗಳು ಸುಮಾರು 1,81,000 ಲೀಟರ್ ಹಿಡಿಯುತ್ತವೆ. ತೂಕ 145 ಟನ್ನಿನ ಸುಮಾರು. ವಿಮಾನ ಹೊತ್ತು ಏಳಬಹುದಾದ ಒಟ್ಟು ತೂಕ 347 ಟನ್ನು. ಅಂದರೆ ತೊಟ್ಟಿ ತುಂಬಿ ಹೊರಟಾಗ ಹತ್ತರಲ್ಲಿ ನಾಲ್ಕು ಪಾಲು ಇಂಧನವೇ. ದೂರದ ಪ್ರಯಾಣದ ಮೊದಲ ಗಂಟೆಗಳಲ್ಲಿ ವಿಮಾನ ಸುಡುವ ಇಂಧನದ ಒಂದು ಭಾಗ ಕೊನೆಯ ಗಂಟೆಗಳ ಇಂಧನವನ್ನು ಹೊರುವುದಕ್ಕೇ ವ್ಯಯವಾಗುತ್ತದೆ. ಬುತ್ತಿಯ ಗಂಟು ಹೊರುವುದಕ್ಕೆಂದೇ ಹೆಚ್ಚು ಬುತ್ತಿ ಉಣ್ಣಬೇಕಾದ ದಾರಿಹೋಕನ ಪಾಡು ಇದು. ನಿಲ್ಲದೆ ಹಾರುವ ವಿಮಾನದ ಟಿಕೇಟು ದುಬಾರಿಯಾಗುವುದಕ್ಕೂ, ಇಂಥ ಸಂಚಾರಗಳು ಆರಂಭವಾಗಿ ನಿಂತು ಮತ್ತೆ ಆರಂಭವಾಗುವುದಕ್ಕೂ ಇದೊಂದು ಮುಖ್ಯ ಕಾರಣ.

ಇನ್ನೊಂದು ಕಾರಣ ಭೂಪಟದ ಬಣ್ಣಗಳು. ಆಕಾಶಕ್ಕೆ ಬೇಲಿಯಿಲ್ಲವೆಂದು ಕವಿಗಳು ಹೇಳಬಹುದು. ವಿಮಾನದ ಚಾಲಕರು ಹೇಳಲಾರರು. 2019ರಲ್ಲಿ ಕೆಲವು ತಿಂಗಳ ಕಾಲ, ಮತ್ತೆ 2025ರ ಏಪ್ರಿಲ್‌ನಲ್ಲಿ, ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ಪಶ್ಚಿಮಕ್ಕೆ ಹೊರಟ ವಿಮಾನಗಳು ಅರಬ್ಬೀ ಸಮುದ್ರವನ್ನು ಸುತ್ತಬೇಕಾಯಿತು. 2022ರಲ್ಲಿ ಉಕ್ರೇನಿನ ಯುದ್ಧ ಆರಂಭವಾದ ಮೇಲೆ ರಷ್ಯದ ಆಕಾಶ ಅಮೆರಿಕದ ವಿಮಾನಗಳಿಗೆ ಮುಚ್ಚಿತು. ಸ್ಯಾನ್‌ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನೇರ ಸಂಚಾರ ಆರಂಭಿಸುವುದಾಗಿ ಮೊದಲೇ ಸಾರಿದ್ದ ಅಮೆರಿಕದ ಕಂಪನಿಯೊಂದರ ಯೋಜನೆ ಅಲ್ಲಿಗೇ ನಿಂತಿತು. ಎಲ್ಲಿಯೋ ಸಿಡಿದ ಗುಂಡಿನಿಂದ ಮಲ್ಲೇಶ್ವರದ ಮನೆಗೆ ಮಗಳು ಬರುವ ದಾರಿ ಉದ್ದವಾಯಿತು. ಭಾರತದ ವಿಮಾನಗಳಿಗೆ ರಷ್ಯದ ದಾರಿ ತೆರೆದಿತ್ತು ನಿಜ; ಅದರಲ್ಲಿಯೂ ಒಂದು ಪರೀಕ್ಷೆ ಕಾದಿತ್ತು. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಹೊರಟ ವಿಮಾನವೊಂದು ಎಂಜಿನ್ನಿನ ತೊಂದರೆಯಿಂದಾಗಿ ರಷ್ಯದ ಪೂರ್ವ ತುದಿಯ ಮಗದಾನ್ ಎಂಬ ಊರಿನಲ್ಲಿ ಇಳಿಯಿತು. 216 ಮಂದಿ ಪ್ರಯಾಣಿಕರು. ಭಾಷೆ ಬಾರದ, ಅಷ್ಟು ಜನಕ್ಕೆ ಸಾಕಾಗುವಷ್ಟು ಹೋಟೆಲುಗಳಿಲ್ಲದ ಊರು. ಬೇರೊಂದು ವಿಮಾನ ಹೋಗಿ ಅವರನ್ನು ಕರೆದುಕೊಂಡು ಮುಂದೆ ಸಾಗುವ ಹೊತ್ತಿಗೆ ಎರಡು ದಿನ ಕಳೆದಿತ್ತು. ಎಲ್ಲರೂ ಸುರಕ್ಷಿತವಾಗಿ ತಲುಪಿದರು.

ಎರಡು ದಿನ ತಡವಾಯಿತೆಂದು ಪೇಚಾಡುವ ಕಾಲ ಬಂದದ್ದೇ ಒಂದು ವಿಸ್ಮಯ. 1892ರಲ್ಲಿ ಮೈಸೂರಿಗೆ ಬಂದು ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದ ಸ್ವಾಮಿ ವಿವೇಕಾನಂದರು ಮರುವರ್ಷ ಮೇ 31ರಂದು ಮುಂಬಯಿಯಲ್ಲಿ ಹಡಗು ಹತ್ತಿದರು. ಕೊಲಂಬೋ, ಸಿಂಗಪುರ, ಹಾಂಗ್‌ಕಾಂಗ್, ಜಪಾನುಗಳ ಮೂಲಕ ಅವರು ಅಮೆರಿಕ ಖಂಡದ ಪಶ್ಚಿಮ ದಂಡೆಯ ವ್ಯಾಂಕೂವರ್ ಮುಟ್ಟಿದ್ದು ಜುಲೈ 25ರಂದು. ಐವತ್ತೈದು ದಿನ! ನಡುನಡುವೆ ಇಳಿದು ಊರುಗಳನ್ನು ಕಂಡದ್ದೂ ಇದರಲ್ಲಿ ಸೇರಿದೆಯೆನ್ನಿ. 1935ರ ನವೆಂಬರ್ 22ರಂದು ‘ಚೈನಾ ಕ್ಲಿಪ್ಪರ್’ ಎಂಬ ನೀರ್ವಿಮಾನ ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯಿಂದ ಅಂಚೆ ಹೊತ್ತು ಹೊರಟು, ಹೊನೊಲುಲು, ಮಿಡ್‌ವೇ, ವೇಕ್, ಗುವಾಮ್ ದ್ವೀಪಗಳಲ್ಲಿ ತಂಗಿ, ಮನಿಲಾ ಸೇರಿದ್ದು ನವೆಂಬರ್ 29ರಂದು. ಶಾಂತಸಾಗರವನ್ನು ಒಂದು ವಾರದಲ್ಲಿ ದಾಟಿದರೆಂದು ಆಗ ಜಗತ್ತು ಬೆರಗಾಯಿತು. 1960ರ ಮೇ ತಿಂಗಳಲ್ಲಿ ಏರ್ ಇಂಡಿಯದ ಜೆಟ್ ವಿಮಾನ ಮುಂಬಯಿಯಿಂದ ಲಂಡನ್ನಿನ ಮೂಲಕ ನ್ಯೂಯಾರ್ಕಿಗೆ ಹಾರತೊಡಗಿತು. ಅಲ್ಲಿಂದ ಮುಂದೆ ವಿಮಾನದ ವೇಗ ಹೆಚ್ಚೇನೂ ಬೆಳೆದಿಲ್ಲವೆಂಬುದು ಸೋಜಿಗ. ಅಂದಿನ ಜೆಟ್ಟೂ ಇಂದಿನ ಜೆಟ್ಟೂ ಗಂಟೆಗೆ ಸುಮಾರು 900 ಕಿ.ಮೀ. ವೇಗದವು. ಅಂದು ನಿಂತು ನಿಂತು ಹೋಗುತ್ತಿತ್ತು, ಇಂದು ನಿಲ್ಲದೆ ಹೋಗುತ್ತದೆ, ಉಳಿತಾಯವಾದದ್ದೆಲ್ಲ ನಿಲುಗಡೆಯದೇ.

ಇನ್ನು ಗಡಿಯಾರದ ಚಮತ್ಕಾರ. ಚಳಿಗಾಲದಲ್ಲಿ ಬೆಂಗಳೂರಿನ ಹೊತ್ತು ಸ್ಯಾನ್‌ಫ್ರಾನ್ಸಿಸ್ಕೋಗಿಂತ ಹದಿಮೂರೂವರೆ ಗಂಟೆ ಮುಂದು. ಮಾರ್ಚಿ ತಿಂಗಳ ಎರಡನೆಯ ಭಾನುವಾರ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳುವುದರಿಂದ ನವೆಂಬರಿನವರೆಗೆ ಅಂತರ ಹನ್ನೆರಡೂವರೆ ಗಂಟೆ. ಆ ಸೋಮವಾರ ಬೆಂಗಳೂರಿನ ಎಷ್ಟು ತಾಯಂದಿರ ದೂರವಾಣಿ ಒಂದು ಗಂಟೆ ತಪ್ಪಿ ಬಾರಿಸುತ್ತದೆಯೋ! ಬೆಂಗಳೂರಿನಲ್ಲಿ ಚಳಿಗಾಲದ ಒಂದು ಮಧ್ಯಾಹ್ನ ಎರಡೂವರೆಗೆ ಹೊರಟು 16 ಗಂಟೆ ಹಾರಿದವರು ಅಲ್ಲಿ ಇಳಿದಾಗ ಅದೇ ದಿನ ಸಂಜೆ ಐದು ಗಂಟೆ. ಪಂಚಾಂಗದ ಪ್ರಕಾರ ಎರಡೂವರೆ ಗಂಟೆಯ ಪ್ರಯಾಣ! ಬರುವಾಗ ಈ ಸಾಲಕ್ಕೆ ಬಡ್ಡಿ ತೆರಬೇಕು. ಶನಿವಾರ ರಾತ್ರಿ ಎಂಟೂವರೆಗೆ ಅಲ್ಲಿ ಹೊರಟವರು ಇಳಿಯುವುದು ಸೋಮವಾರ ಬೆಳಗಿನ ಜಾವ. ನಡುವಿನ ಭಾನುವಾರವನ್ನು ಅವರು ಯಾವ ಊರಿನಲ್ಲಿಯೂ ಕಾಣಲಿಲ್ಲ.

ಆದರೆ ದೂರದ ಲೆಕ್ಕ ನಿಜವಾಗಿ ಬೇಕಾಗುವುದು ಸುಖದ ಪ್ರಯಾಣದಲ್ಲಲ್ಲ. ಮಂಗಳವಾರ ಬೆಳಗಿನ ಜಾವ ನಾಲ್ಕು ಗಂಟೆಗೆ ಮೈಸೂರಿನ ಮನೆಯೊಂದರಲ್ಲಿ ತಂದೆ ಕಣ್ಣು ಮುಚ್ಚಿದರೆನ್ನಿ. ಆಗ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸೋಮವಾರ ಮಧ್ಯಾಹ್ನ ಎರಡೂವರೆ, ಮಗ ಕಚೇರಿಯಲ್ಲಿರುತ್ತಾನೆ. ಅಂದು ರಾತ್ರಿ ಎಂಟೂವರೆಗೆ ನೇರ ವಿಮಾನವಿದ್ದು, ಅದರಲ್ಲಿ ಒಂದು ಜಾಗ ಸಿಕ್ಕಿ, ಅವನು ಉಟ್ಟ ಬಟ್ಟೆಯಲ್ಲಿಯೇ ಹೊರಟರೂ ದೇವನಹಳ್ಳಿಯಲ್ಲಿ ಇಳಿಯುವುದು ಬುಧವಾರ ಬೆಳಗಿನ ಮೂರು ಗಂಟೆಗೆ. ಪಾಸ್‌ಪೋರ್ಟಿನ ತಪಾಸಣೆಗೆ ಒಂದು ಗಂಟೆ, ಮೈಸೂರಿನ ರಸ್ತೆಗೆ ನಾಲ್ಕು ಗಂಟೆ. ಎಂಟು ಗಂಟೆಗೆ ಬಾಗಿಲಲ್ಲಿ ಕಾರು ನಿಲ್ಲುತ್ತದೆ. ಎಲ್ಲವೂ ಕೂಡಿಬಂದರೆ ಇಪ್ಪತ್ತೆಂಟು ಗಂಟೆ. ಈ ನೇರ ಸಂಚಾರ 2021ರಲ್ಲಿ ಆರಂಭವಾದಾಗ ವಾರಕ್ಕೆ ಎರಡೇ ದಿನ ಇತ್ತು. ವಿಮಾನವಿಲ್ಲದ ದಿನವಾದರೆ ದುಬೈಯೋ ಫ್ರಾಂಕ್‌ಫರ್ಟೋ ಸಿಂಗಪುರವೋ ಸುತ್ತಿ ಬರಬೇಕು. ಆಗ ಆಕಾಶದಲ್ಲಿಯೂ ನಿಲ್ದಾಣದ ಬೆಂಚಿನ ಮೇಲೂ ಕಳೆಯುವ ಹೊತ್ತೇ ಒಂದು ಪೂರ್ಣ ದಿವಸ.

ಮನೆಯಲ್ಲಿ ಆ ವೇಳೆಗೆ ಬೇರೊಂದು ಚರ್ಚೆ ನಡೆದಿರುತ್ತದೆ. ‘ಕಾಯೋಣವೇ?’ ಎಂದು ಸೋದರಮಾವ ಕೇಳುತ್ತಾರೆ. ‘ಎಷ್ಟು ಹೊತ್ತು?’ ಎಂದು ಪುರೋಹಿತರು ಕೇಳುತ್ತಾರೆ. ಬಾಡಿಗೆಗೆ ತಂದ ಶೀತಲ ಪೆಟ್ಟಿಗೆ ಪಡಸಾಲೆಯಲ್ಲಿ ಗುಂಯ್‌ಗುಡುತ್ತಿರುತ್ತದೆ. ನೇರ ವಿಮಾನ ಉಳಿಸುವ ನಾಲ್ಕೈದು ಗಂಟೆಗಳನ್ನು ವ್ಯಾಪಾರಿಗಳ ಸೌಕರ್ಯವೆಂದು ಲಘುವಾಗಿ ಕಾಣುವವರು ಆ ಪಡಸಾಲೆಯಲ್ಲಿ ಒಮ್ಮೆ ಕುಳಿತು ನೋಡಬೇಕು. ಇನ್ನು ಕೆಲವರಿಗೆ ವಿಮಾನವಿದ್ದೂ ದಾರಿಯಿರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ವೀಸಾದ ಮುದ್ರೆಯ ಅವಧಿ ಮುಗಿದಿದ್ದರೆ, ಬಂದವನು ಮರಳುವುದು ಯಾವಾಗ, ಅಲ್ಲಿಯ ಕೆಲಸದ ಗತಿಯೇನು, ಶಾಲೆಗೆ ಹೋಗುವ ಮಕ್ಕಳ ಪಾಡೇನು ಎಂಬ ಪ್ರಶ್ನೆಗಳು ಬಾಗಿಲಿಗೆ ಅಡ್ಡ ನಿಲ್ಲುತ್ತವೆ. ಅಂಥವನು ಅಂತ್ಯಕ್ರಿಯೆಯನ್ನು ದೂರವಾಣಿಯ ಗಾಜಿನ ಮೇಲೆ ನೋಡುತ್ತಾನೆ. ಬೆಂಕಿ ಮುಟ್ಟಿಸುವವನು ಚಿಕ್ಕಪ್ಪನ ಮಗ. ಆ ದೂರಕ್ಕೆ ನೂಲು ಹಿಡಿದು ಅಳೆಯುವ ಉಪಾಯವಿಲ್ಲ. ಬರಲಿಲ್ಲವೆಂದು ಅವನನ್ನು ದೂರುವ ನೆಂಟರಿಗೆ ಈ ಯಾವ ಲೆಕ್ಕವೂ ಗೊತ್ತಿರುವುದಿಲ್ಲ.

ಇಲ್ಲಿಂದ ಹೋಗುವವರಲ್ಲಿ ಮಗಳ ಬಾಣಂತನಕ್ಕೆಂದು ಹೊರಟ ತಾಯಂದಿರ ಸಂಖ್ಯೆ ಅಲ್ಪವಲ್ಲ. ಹಲವರಿಗೆ ಅದೇ ಮೊದಲ ವಿಮಾನ. ಅವರು ತಿಳಿದಿರಬೇಕಾದ ಸಂಗತಿಯೆಂದರೆ, ವಿಮಾನದೊಳಗಿನ ಗಾಳಿ ನೆಲದ ಮೇಲಿನ ಗಾಳಿಯಷ್ಟು ದಟ್ಟವಲ್ಲ. ಅದು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಗಾಳಿಗೆ ಸಮ. ಮುಳ್ಳಯ್ಯನಗಿರಿಯ ಎತ್ತರವೇ ಸುಮಾರು 6,300 ಅಡಿ. ಹದಿನಾರು ಗಂಟೆ ಮುಳ್ಳಯ್ಯನಗಿರಿಯ ತುದಿಯಲ್ಲಿ, ಅದೂ ಒಣಹವೆಯಲ್ಲಿ, ಕಾಲು ಮಡಿಸಿ ಕುಳಿತಂತೆ ಈ ಪ್ರಯಾಣ. ಎದೆಯ ಬೇನೆ, ಉಸಿರಾಟದ ತೊಂದರೆಯಿರುವವರು ವೈದ್ಯರನ್ನು ಕಂಡೇ ಹೊರಡುವುದು ಲೇಸು. ಸಂಕೋಚಪಟ್ಟು ನೀರು ಕುಡಿಯದೆ, ಪಕ್ಕದವರನ್ನು ಎಬ್ಬಿಸಬೇಕಲ್ಲ ಎಂದು ಏಳದೆ ಕುಳಿತರೆ ಕಾಲು ಊದುತ್ತದೆ. ಕೆಲವೊಮ್ಮೆ ರಕ್ತ ಹೆಪ್ಪುಗಟ್ಟುವ ಅಪಾಯವೂ ಉಂಟು. ಗಂಟೆಗೋ ಎರಡು ಗಂಟೆಗೋ ಒಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದರಲ್ಲಿ ನಾಚಿಕೆಯೇನೂ ಇಲ್ಲ. ಇಳಿದ ಮೇಲೆ ನಡುರಾತ್ರಿ ಹಸಿವು, ನಡುಹಗಲು ನಿದ್ರೆ. ದೇಹದೊಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಂತೆ ಮಾತ್ರ ತಿದ್ದಿಕೊಳ್ಳುತ್ತದೆ. ಹಗಲುರಾತ್ರಿಗಳೇ ಅದಲುಬದಲಾದ ಊರಿನಲ್ಲಿ ಅದಕ್ಕೆ ಎರಡು ವಾರ ಬೇಕಾದರೂ ಆಶ್ಚರ್ಯವಿಲ್ಲ.

ಹಾಗೆ ಹೋದ ತಾಯಂದಿರಿಗೆ ಅಲ್ಲಿ ಎದುರಾಗುವ ಇನ್ನೊಂದು ಸಮಸ್ಯೆ ಪಂಚಾಂಗದ್ದು. ಇಲ್ಲಿಂದ ಪೆಟ್ಟಿಗೆಯಲ್ಲಿಟ್ಟು ಒಯ್ದ ಒಂಟಿಕೊಪ್ಪಲ್ ಪಂಚಾಂಗವನ್ನು ಅಲ್ಲಿ ಹಾಗೆಯೇ ಬಳಸಲಾಗುವುದಿಲ್ಲ. ತಿಥಿಯೆಂಬುದು ಸೂರ್ಯಚಂದ್ರರ ನಡುವಿನ ಅಂತರ. ಅದು ಜಗತ್ತಿಗೆಲ್ಲ ಒಂದೇ ಕ್ಷಣದಲ್ಲಿ ಹುಟ್ಟಿ ಒಂದೇ ಕ್ಷಣದಲ್ಲಿ ಮುಗಿಯುತ್ತದೆ. ವ್ರತದ ದಿನವನ್ನು ಗೊತ್ತುಮಾಡುವುದಾದರೋ ಸಾಮಾನ್ಯವಾಗಿ ಆಯಾ ಊರಿನ ಸೂರ್ಯೋದಯ. ಚಳಿಗಾಲದಲ್ಲೊಮ್ಮೆ ಏಕಾದಶಿ ಬುಧವಾರ ಬೆಳಗ್ಗೆ ಹತ್ತಕ್ಕೆ ಆರಂಭವಾಗಿ ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಮುಗಿಯುತ್ತದೆಯೆನ್ನಿ. ಮೈಸೂರಿನಲ್ಲಿ ಗುರುವಾರದ ಉದಯಕ್ಕೆ ಏಕಾದಶಿಯಿರುವುದರಿಂದ ಉಪವಾಸ ಗುರುವಾರ. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಅದೇ ತಿಥಿ ಮಂಗಳವಾರ ರಾತ್ರಿ ಎಂಟೂವರೆಯಿಂದ ಬುಧವಾರ ಸಂಜೆ ಏಳೂವರೆಯವರೆಗೆ. ಅಲ್ಲಿಯ ಉಪವಾಸ ಬುಧವಾರ. ಮೈಸೂರಿನಲ್ಲಿ ಗುರುವಾರ ಆರೂವರೆಗೆ ಅತ್ತೆ ಸ್ನಾನ ಮುಗಿಸಿ ಉಪವಾಸಕ್ಕೆ ಸಂಕಲ್ಪ ಮಾಡುವ ಹೊತ್ತಿಗೆ ಅಲ್ಲಿ ಬುಧವಾರ ಸಂಜೆ ಐದು ಗಂಟೆ. ಹಗಲೆಲ್ಲ ಹಸಿದಿದ್ದ ಸೊಸೆ ಮಗುವನ್ನು ಶಾಲೆಯಿಂದ ಕರೆತಂದು, ಅತ್ತೆಗೆ ದೂರವಾಣಿ ಮಾಡಲು ಕುಳಿತಿರುತ್ತಾಳೆ.